ಮುಖ್ತ್ಯಾರ ಪತ್ರದ ಮೇಲೆ ಭೂಮಿ ಕೊಳ್ಳುವ ಮುನ್ನ

ದುಡಿದು ಕೂಡಿಟ್ಟ ಹಣವನ್ನು ಭೂಮಿಗೆ ತೊಡಗಿಸುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮಾರುವವನು ಒಡೆಯನಲ್ಲದೆ ಅವನ ಮುಖ್ತ್ಯಾರನಾಗಿದ್ದರೆ, ಮುಂಗಡ ಕೊಡುವ ಮುನ್ನ ಒಡೆಯನನ್ನೇ ಕಂಡು ವಿಚಾರಿಸಿರಿ. ಮುಖ್ತ್ಯಾರ ಪತ್ರವು ಸಾಮಾನ್ಯವಾಗಿ ಬರೆದುಕೊಟ್ಟವನ ಮರಣದೊಂದಿಗೇ ಮುಗಿಯುತ್ತದೆ; ಬದುಕಿರುವಾಗಲೇ ಅವನು ಅದನ್ನು ರದ್ದುಪಡಿಸಿರಲೂಬಹುದು. ಮೂಲಪತ್ರವನ್ನು ತರಿಸಿ, ಅದರಲ್ಲಿ ಮಾರುವ ಅಧಿಕಾರವು ಸ್ಪಷ್ಟವಾಗಿದೆಯೇ ಎಂದು ನೋಡಿರಿ. ಹಿಂದಿನ ಕ್ರಯಪತ್ರ, ಋಣಭಾರ ಪತ್ರ, ಪಹಣಿಗಳನ್ನು ವಕೀಲರಿಗೆ ತೋರಿಸಿರಿ.

ಮುಖ್ತ್ಯಾರ ಪತ್ರವನ್ನಷ್ಟೇ ಕೈಗಿತ್ತು ‘ಭೂಮಿ ನಿಮ್ಮದಾಯಿತು’ ಎಂದರೆ ನಂಬಬೇಡಿರಿ. ಅದರಿಂದ ಒಡೆತನ ಬಾರದು, ನೋಂದಾಯಿತ ಕ್ರಯಪತ್ರವೇ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸಾರಿದೆ. ಅಧಿಕಾರವುಳ್ಳ ಮುಖ್ತ್ಯಾರನು ಒಡೆಯನ ಪರವಾಗಿ ಅಂಥ ಕ್ರಯಪತ್ರವನ್ನು ಬರೆದುಕೊಡಬಲ್ಲನು.

ಹೀಗೆ ವಿಚಾರಿಸುವುದು ಅವಿಶ್ವಾಸವಲ್ಲ. ಮಕ್ಕಳ ಪಾಲನ್ನು ಕಾಯುವ ಎಚ್ಚರವೆಂದೇ ನಾವು ತಿಳಿಯುತ್ತೇವೆ.