ನೆಟ್ಟವರ ಲೆಕ್ಕ, ನೀರೆರೆದವರ ಲೆಕ್ಕ

ಅಮೆರಿಕದ ನಗರಗಳ ಬಡ ಬಡಾವಣೆಗಳಲ್ಲಿ ಚರ್ಚುಗಳ ಭಕ್ತಸಮೂಹಗಳು ಗಿಡ ನೆಡುತ್ತಿರುವ ಸುದ್ದಿ ನಮ್ಮ ಬಳಗದ ಕೆಲವು ಮಿತ್ರರನ್ನು ಪುಳಕಗೊಳಿಸಿದೆ. ‘ಸರ್ಕಾರವನ್ನು ಕಾಯದೆ ಜನರೇ ಮಾಡುತ್ತಿದ್ದಾರೆ, ನಮ್ಮ ಮಠ-ಮಂದಿರಗಳೂ ಹೀಗೇಕೆ ಮಾಡಬಾರದು?’ ಎಂದು ಅವರು ಕೇಳುತ್ತಾರೆ. ಆ ಭಕ್ತರ ಶ್ರಮವನ್ನು ನಾನು ಗೌರವಿಸುತ್ತೇನೆ. ಮಿತ್ರರ ಮಾತಿನ ಮೊದಲರ್ಧವನ್ನು ಮಾತ್ರ ಒಪ್ಪಲಾರೆ.

ಆ ಬೀದಿಗಳು ತಾವಾಗಿ ಬೋಳಾದವಲ್ಲ. ಕಪ್ಪುಜನ ಯಾವ ಬೀದಿಯಲ್ಲಿ ವಾಸಿಸಬೇಕು, ಬಿಳಿಯರು ಯಾವ ಬೀದಿಯಲ್ಲಿ ಎಂದು ವಿಧಿಸುವ ಕಾನೂನನ್ನು 1910ರಲ್ಲಿ ಬಾಲ್ಟಿಮೋರ್ ನಗರ ಜಾರಿಗೆ ತಂದಿತು. ಅಮೆರಿಕದಲ್ಲಿ ಅಂಥ ಮೊದಲ ನಗರ ಕಾನೂನು ಅದೇ. 1917ರಲ್ಲಿ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನು ತಳ್ಳಿಹಾಕಿದರೂ ಬುದ್ಧಿ ಬದಲಾಗಲಿಲ್ಲ. 1930ರ ದಶಕದಲ್ಲಿ ಒಕ್ಕೂಟ ಸರ್ಕಾರದ ಗೃಹಸಾಲ ನಿಗಮವು ನಗರಗಳ ನಕಾಶೆ ಬರೆಸಿ, ಕಪ್ಪುಜನರೂ ವಲಸಿಗರೂ ಇದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಎಂದರೆ ಸಾಲ ಕೊಟ್ಟರೆ ಅಪಾಯ ಎಂದರ್ಥ. ಸಾಲವಿಲ್ಲದಲ್ಲಿ ಮನೆಗಳು ಶಿಥಿಲಗೊಂಡವು, ಉದ್ಯಾನಗಳು ಬರಲಿಲ್ಲ. ಬಂದದ್ದು ಹೆದ್ದಾರಿ, ಗೋದಾಮು, ಡಾಂಬರು. 108 ನಗರಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವುಗಳಲ್ಲಿ ಶೇ. 94ರಷ್ಟು ನಗರಗಳಲ್ಲಿ ಆ ಕೆಂಪು ಬಡಾವಣೆಗಳ ನೆಲ ಉಳಿದ ಬಡಾವಣೆಗಳ ನೆಲಕ್ಕಿಂತ ಹೆಚ್ಚು ಕಾಯುತ್ತದೆ. ಅಂತರ ಕೆಲವೆಡೆ 7 ಡಿಗ್ರಿ ಸೆಲ್ಸಿಯಸ್‌ವರೆಗೂ ಇದೆ. ತೊಂಬತ್ತು ವರ್ಷಗಳ ಹಿಂದೆ ಗುಮಾಸ್ತನೊಬ್ಬ ಬಳಿದ ಬಣ್ಣ ಇಂದಿಗೂ ಉಷ್ಣಮಾಪಕದಲ್ಲಿ ಕಾಣುತ್ತಿದೆ!

ಆದ್ದರಿಂದ ಅಲ್ಲಿ ಚರ್ಚುಗಳು ನೆಡುವ ಗಿಡವನ್ನು ದಾನವೆಂದು ಕರೆಯುವುದು ತಪ್ಪು. ಪ್ರಭುತ್ವ ತೀರಿಸಬೇಕಾದ ಸಾಲದ ಒಂದು ಅಲ್ಪ ಕಂತನ್ನು, ಸಾಲ ಮಾಡದವರು ಕಟ್ಟುತ್ತಿದ್ದಾರೆ.

ಹಾಗಿದ್ದರೂ ಚರ್ಚೇ ಏಕೆ? ಬಾಡಿಗೆಯವರು ಮಾಲೀಕನ ಅಪ್ಪಣೆಯಿಲ್ಲದೆ ಅಂಗಳದಲ್ಲಿ ಗುಂಡಿ ತೋಡಲಾರರು. ಕಾಲುದಾರಿಗಳು ಇಕ್ಕಟ್ಟು, ಅವುಗಳ ಕೆಳಗಿನ ಮಣ್ಣು ಇಟ್ಟಿಗೆಯಂತೆ ಬಿಗಿದದ್ದು. ಅಂಥ ಕಡೆ ಜನರ ಕೈಯಲ್ಲೇ ಇರುವ ತೆರೆದ ಭೂಮಿಯೆಂದರೆ ಹಲವೊಮ್ಮೆ ಚರ್ಚಿನ ಹುಲ್ಲುಹಾಸು ಮತ್ತು ವಾಹನ ನಿಲ್ಲಿಸುವ ಬಯಲು. ಅದಕ್ಕಿಂತ ಮುಖ್ಯವಾದದ್ದು, ಪ್ರತಿ ಭಾನುವಾರ ಅಲ್ಲಿಗೆ ಜನ ಬಂದೇ ಬರುತ್ತಾರೆ. ಸಸಿಗೆ ಬೇಕಾದದ್ದು ಅದು.

ಕೃಷಿ ವಿಜ್ಞಾನಿಯಾಗಿ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನರ್ಸರಿಯ ನೆಲದಿಂದ ಅಗೆದು ತಂದ ಆಳೆತ್ತರದ ಗಿಡ ತನ್ನ ಬೇರಿನ ಬಹುಪಾಲನ್ನು ಅಲ್ಲಿಯೇ ಬಿಟ್ಟು ಬಂದಿರುತ್ತದೆ. ಎಲೆಗಳು ಬೇಡುವಷ್ಟು ನೀರನ್ನು ಉಳಿದ ಬೇರು ಒದಗಿಸಲಾರದು. ಕಳೆದುಕೊಂಡ ಬೇರನ್ನು ಮತ್ತೆ ಬೆಳೆಸಿಕೊಳ್ಳಲು ಎರಡು-ಮೂರು ಬೇಸಿಗೆ ಬೇಕು. ಅಷ್ಟು ಕಾಲ ವಾರವಾರವೂ ನೀರು ಬೇಕು. ಬುಡಕ್ಕೆ ಸುತ್ತುವ ಎಪ್ಪತ್ತೈದು ಲೀಟರಿನ ನೀರಿನ ಚೀಲವನ್ನು ಯಾರಾದರೂ ತುಂಬಬೇಕು. ನೆಡುವುದು ಒಂದು ಶನಿವಾರದ ಕೆಲಸ, ನೀರೆರೆಯುವುದು ನೂರು ವಾರಗಳ ಕೆಲಸ. ಶ್ರೀಮಂತ ಉಪನಗರದಿಂದ ಬಸ್ಸಿನಲ್ಲಿ ಬಂದು, ಹೊಸ ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಂಡು ಮರಳುವ ತಂಡ ಯಾವ ಧರ್ಮದ್ದಾದರೂ ಆಗಸ್ಟಿನ ಬಿಸಿಲಿನಲ್ಲಿ ಅಲ್ಲಿರುವುದಿಲ್ಲ.

ಬಡವರಿಗೆ ಮರ ಬೇಡವಾಗಿದೆ ಎಂಬ ಇನ್ನೊಂದು ಅಪವಾದವೂ ಚಾಲ್ತಿಯಲ್ಲಿದೆ. ಡೆಟ್ರಾಯಿಟಿನಲ್ಲಿ 2011ರಿಂದ 2014ರವರೆಗೆ ಸ್ವಯಂಸೇವಾ ಸಂಸ್ಥೆಯೊಂದು ಮನೆಗಳ ಮುಂದೆ ಉಚಿತವಾಗಿ ಗಿಡ ನೆಡಲು ಹೋದಾಗ ಸುಮಾರು ಕಾಲುಭಾಗ ಮನೆಯವರು ನಿರಾಕರಿಸಿದರು. ಕಾರಣವನ್ನು ಹುಡುಕಿ 2019ರಲ್ಲಿ ಪ್ರಕಟವಾದ ಸಂಶೋಧನೆ ಕಣ್ತೆರೆಸುವಂಥದು. ಮರದ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಯಾವ ಗಿಡ, ಎಲ್ಲಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮೂರು ವರ್ಷಗಳ ಆರೈಕೆಯ ನಂತರ ಕೊಂಬೆ ಕಡಿಯುವ, ಎಲೆ ಗುಡಿಸುವ ಹೊರೆ ತಮ್ಮ ತಲೆಗೇ ಬರುವುದೆಂಬುದು ಅವರಿಗೆ ಗೊತ್ತಿತ್ತು. 1967ರ ದಂಗೆಯ ಬಳಿಕ ಪೊಲೀಸರು ಹೆಲಿಕಾಪ್ಟರಿನಿಂದ ತಮ್ಮನ್ನು ನೋಡಲು ಅನುಕೂಲವಾಗಲೆಂದೇ ಮರ ಕಡಿದರೆಂಬ ನೆನಪು ಕೆಲವರದು. ರೋಗ ತಗುಲಿದ ಎಲ್ಮ್ ಮರಗಳನ್ನು ನಗರಾಡಳಿತ ಆ ಕಾಲದಲ್ಲಿ ಕಡಿಸುತ್ತಿದ್ದುದೂ ನಿಜವೇ. ಕಡಿಯುವಾಗ ಕೇಳದವರು ನೆಡುವಾಗಲೂ ಕೇಳದಿದ್ದರೆ ಜನ ಬಾಗಿಲು ಮುಚ್ಚಿಕೊಳ್ಳುವುದು ಸಹಜವಲ್ಲವೇ?

ನನಗೆ ಭರವಸೆ ಕೊಡುವ ಉದಾಹರಣೆ ಬಾಲ್ಟಿಮೋರಿನ ನೈರುತ್ಯದಲ್ಲಿದೆ. ಅಲ್ಲಿನ ಸ್ಟಿಲ್‌ಮೆಡೋ ಚರ್ಚಿನ ಹಿಂಬದಿಗೆ ಸುಮಾರು ಹತ್ತು ಎಕರೆ ಕಾಡಿದೆ. ಅದರ ಆ್ಯಶ್ ಮರಗಳನ್ನು ಪಚ್ಚೆಬಣ್ಣದ ಕಾಂಡಕೊರಕವೊಂದು ಕೊಂದಿತ್ತು. (ನಮ್ಮ ಅರೇಬಿಕಾ ಬೆಳೆಗಾರರಿಗೆ ಕಾಂಡಕೊರಕವೆಂದರೆ ಏನೆಂದು ಹೇಳಬೇಕಾಗಿಲ್ಲ.) ಬೀಳುಬಳ್ಳಿಗಳು ಉಳಿದದ್ದನ್ನು ಮುಚ್ಚಿದ್ದವು. 2018ರ ಪ್ರವಾಹದಲ್ಲಿ ಆಸುಪಾಸಿನ ಮನೆಗಳಿಗೆ ನೀರು ನುಗ್ಗಿದಾಗ ಆಸರೆಯ ತಾಣವಾದದ್ದು ಈ ಚರ್ಚೇ. ಮುಂದೆ ಸಭೆಯವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿಗಳನ್ನು ಜೊತೆ ಸೇರಿಸಿಕೊಂಡು ಬಳ್ಳಿ ಕಿತ್ತು, ಸಾವಿರಕ್ಕೂ ಹೆಚ್ಚು ಸಸಿಗಳನ್ನು ನೆಟ್ಟರು. ನೆಲ ಅವರದು, ನೆರೆ ಬಂದದ್ದು ಅವರ ನೆರೆಹೊರೆಗೆ, ಮತ್ತು ಸರ್ಕಾರದ ವಿಜ್ಞಾನ ಅವರ ಪಕ್ಕದಲ್ಲಿ ನಿಂತಿತ್ತು.

ಈ ಕೊನೆಯ ಮಾತಿಗೆ ಮಿತ್ರರು ಗಮನ ಕೊಡಬೇಕು. 2022ರ ಕಾನೂನಿನಿಂದ ನಗರಗಳ ಮರಗಳಿಗಾಗಿ 150 ಕೋಟಿ ಡಾಲರ್ ಬಂದಿತ್ತು, ಅದರಲ್ಲಿ ಹಿಂದುಳಿದ ಬಡಾವಣೆಗಳಿಗೆ ಆದ್ಯತೆಯಿತ್ತು. 2025ರ ಫೆಬ್ರವರಿಯಲ್ಲಿ ಹೊಸ ಆಡಳಿತ, ಅಂಥ ಬಡಾವಣೆಗಳಿಗೆ ಹಣ ಹಂಚಬೇಕಿದ್ದ ಆರ್ಬರ್ ಡೇ ಪ್ರತಿಷ್ಠಾನದ 7.5 ಕೋಟಿ ಡಾಲರಿನ ಒಪ್ಪಂದವನ್ನೇ ರದ್ದುಪಡಿಸಿತು. ಇಂಥ ಹೊತ್ತಿನಲ್ಲಿ ‘ಜನರೇ ಮಾಡಿಕೊಳ್ಳುತ್ತಾರೆ’ ಎಂದು ಹೊಗಳುವುದು, ಕೈತೊಳೆದುಕೊಂಡವರಿಗೆ ಒರೆಸಿಕೊಳ್ಳಲು ಟವೆಲು ಕೊಟ್ಟಂತೆ. ಕಾಣಿಕೆ ಡಬ್ಬಿಯ ಹಣದಿಂದ ಗುಂಡಿ ತೋಡಬಹುದು. ಹೆದ್ದಾರಿಯ ಅಂಚಿನ ಡಾಂಬರು ಅಗೆದು, ಮಣ್ಣು ಬದಲಿಸಿ, ಮೂವತ್ತು ವರ್ಷ ಕೊಂಬೆ ಸವರುವುದು ನಗರಾಡಳಿತದ ಕೆಲಸ. ನೆರಳು ಬಂದ ಬೀದಿಯಲ್ಲಿ ಬಾಡಿಗೆ ಏರಿ, ಬಿಸಿಲು ತಿಂದವರೇ ಜಾಗ ಖಾಲಿ ಮಾಡದಂತೆ ನೋಡಿಕೊಳ್ಳುವುದು ಕೂಡ ಯಾವ ಸಭಾಪಾಲಕರ ಕೈಯಲ್ಲೂ ಇಲ್ಲ.

ಮಲೆನಾಡಿನವರಾದ ನಮಗೆ ಈ ಕಥೆ ಅಪರಿಚಿತವೇನಲ್ಲ. ನಮ್ಮ ಸೊಪ್ಪಿನ ಬೆಟ್ಟಗಳ ಮಗ್ಗುಲಿಗೆ ಅಕೇಶಿಯಾ ಬಂದದ್ದೇ ದನ ಬಾಯಿ ಹಾಕುವುದಿಲ್ಲ, ಕಾಯುವವರು ಬೇಡ ಎಂಬ ಕಾರಣಕ್ಕೆ. ಇಂದಿಗೂ ಜುಲೈನ ವನಮಹೋತ್ಸವದಲ್ಲಿ ಎಣಿಕೆಯಾಗುವುದು ನೆಟ್ಟ ಸಸಿಗಳು, ಮಾರ್ಚಿನಲ್ಲಿ ಉಳಿದವಲ್ಲ. ಮಠ-ಮಂದಿರಗಳು ಗಿಡ ನೆಡಲಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ವಿದ್ಯಾರ್ಥಿ ಮಿತ್ರರು ಒಂದು ಕೆಲಸ ಮಾಡಬೇಕು. ಕಳೆದ ಮಳೆಗಾಲದಲ್ಲಿ ನಿಮ್ಮ ಊರಿನ ಶಾಲೆ, ದೇವಸ್ಥಾನ, ಪಂಚಾಯಿತಿ ಆವರಣಗಳಲ್ಲಿ ಎಷ್ಟು ಸಸಿ ನೆಟ್ಟರು, ಇಂದು ಎಷ್ಟು ಜೀವಂತವಾಗಿವೆ, ನೀರು ಹಾಕಿದವರು ಯಾರು ಎಂಬುದನ್ನು ಹೋಗಿ ನೋಡಿ, ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಊರುವಾರು ಪ್ರಕಟಿಸೋಣ.