ತಂದುಕೊಡಲು ಇದ್ದ ದಾರಿ ಒಯ್ಯಲು ಏಕಿಲ್ಲ?

ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಏಪ್ರಿಲ್ 10ರಂದು ಕೊಡಿ ಏರುತ್ತದೆ, 17ರಂದು ಬ್ರಹ್ಮರಥೋತ್ಸವ. ಆ ವಾರ ಹೊಸ ಬಟ್ಟೆಯ ಆಸೆ ಇಲ್ಲದ ಮಕ್ಕಳು ನಮ್ಮ ಸೀಮೆಯಲ್ಲಿ ವಿರಳ. ಕಳೆದ ಜಾತ್ರೆಗೆಂದು ನನ್ನ ತಂಗಿಯ ಮಗಳು ಮೊಬೈಲಿನಲ್ಲಿ ನೋಡಿ ಒಂದು ಚೂಡಿದಾರ ತರಿಸಿದಳು. ಬೆಲೆ 649 ರೂಪಾಯಿ. ಏಪ್ರಿಲ್ 8ರೊಳಗೆ ಕೈಸೇರುತ್ತದೆ ಎಂದು ಪರದೆಯ ಮೇಲೆ ಬರೆದಿದ್ದ ಪೊಟ್ಟಣ ಬಂದದ್ದು 15ರ ಸಂಜೆ. ಅದೂ ಮನೆಗಲ್ಲ, ಎರಡು ಕಿಲೋಮೀಟರ್ ದೂರದ ಗೂಡಂಗಡಿಗೆ. ತೊಟ್ಟು ನೋಡಿದರೆ ಉಸಿರು ಕಟ್ಟುವಷ್ಟು ಬಿಗಿ. ಜಾಲತಾಣದ ಅಳತೆಪಟ್ಟಿಯಲ್ಲಿ ಉಡುಪಿನ ಎದೆಸುತ್ತಳತೆ 40 ಅಂಗುಲ ಎಂದಿತ್ತು. ಪೇಟೆಯ ಟೈಲರ್ ಟೇಪು ಹಿಡಿದಾಗ 37 ಬಂತು. ಅವರು ಹೊಲಿಗೆಯನ್ನು ಮಗುಚಿ ನೋಡಿ, ‘ಬಿಡಿಸ್ಲಿಕ್ಕೆ ಒಳಗೆ ಬಟ್ಟೆಯೇ ಇಲ್ಲ ಸಾರ್, ಎಂತ ಮಾಡುದು?’ ಎಂದರು.

ಮಾಡುವುದು ಬಹಳವಿತ್ತು ಎಂದು ನಾವು ಭಾವಿಸಿದ್ದೆವು. ಹಿಂದಿರುಗಿಸುವ ಗುಂಡಿ ಒತ್ತಿದಾಗ ಬಂದ ಉತ್ತರ ಹೀಗಿತ್ತು: ನಿಮ್ಮ ಪಿನ್‌ಕೋಡಿಗೆ ಮರಳಿ ಒಯ್ಯುವ ಸೌಲಭ್ಯವಿಲ್ಲ, ಸ್ವಂತ ಖರ್ಚಿನಲ್ಲಿ ಅಂಚೆಯ ಮೂಲಕ ಕಳುಹಿಸಿ. ಎರಡು ದಿನಗಳ ಹಿಂದಷ್ಟೇ ಅದೇ ಪಿನ್‌ಕೋಡಿಗೆ ಅದೇ ಕಂಪನಿಯ ಹುಡುಗ ಬೈಕಿನಲ್ಲಿ ಬಂದಿದ್ದ. ತಂದುಕೊಡಲು ಕಂಡ ದಾರಿ ಒಯ್ಯಲು ಕಾಣದಿರುವುದು ಹೇಗೆ?

ಆರುನೂರು ರೂಪಾಯಿಯ ವಿಷಯಕ್ಕೆ ಪತ್ರಿಕೆಯಲ್ಲಿ ಬರೆಯಬೇಕೆ ಎಂದು ಕೇಳುವವರಿದ್ದಾರೆ. ಮೊತ್ತದ ಈ ಸಣ್ಣತನವೇ ಮಾರುವವರ ಬಲ. ದೂರು ಕೊಡುವ ಶ್ರಮ ಬಟ್ಟೆಯ ಬೆಲೆಗಿಂತ ಹೆಚ್ಚಾದಲ್ಲಿ ಹತ್ತರಲ್ಲಿ ಒಂಬತ್ತು ಜನ ಅದನ್ನು ಮಡಚಿ ಕಪಾಟಿನಲ್ಲಿಡುತ್ತಾರೆ. ಪುತ್ತೂರು, ಸುಳ್ಯ, ಕಡಬದ ಎಷ್ಟು ಮನೆಗಳ ಕಪಾಟುಗಳಲ್ಲಿ ಇಂತಹ ಮಡಿಕೆಗಳಿವೆಯೋ, ಓದುಗರು ತಮ್ಮ ಮನೆಯಿಂದಲೇ ಎಣಿಕೆ ಆರಂಭಿಸಬಹುದು.

ಕಾನೂನು ಏನು ಹೇಳುತ್ತದೆ? 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸ್ಥಾನದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದೇ ತಿಂಗಳು ಇ-ವಾಣಿಜ್ಯ ನಿಯಮಗಳೂ ಪ್ರಕಟವಾದವು. ದೋಷಯುಕ್ತ ಸರಕನ್ನು ಮರಳಿ ಪಡೆದು ಹಣ ಹಿಂದಿರುಗಿಸಲು, ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ಅಂತಹ ನಮೂದಿಲ್ಲದಿದ್ದರೆ 30 ದಿನಗಳೊಳಗೆ, ನಿರಾಕರಿಸುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಸರಕು ಕೆಟ್ಟಿರಬೇಕೆಂದೇನೂ ಇಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೂ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೂ ಮಾರಾಟಗಾರ ಅದನ್ನು ಮರಳಿ ಪಡೆಯಲು ನಿರಾಕರಿಸುವಂತಿಲ್ಲ. ತಡವಾಗುವುದಕ್ಕೆ ಪ್ರಕೃತಿವಿಕೋಪದಂತಹ ಕಾರಣಗಳಿದ್ದರೆ ಮಾತ್ರ ವಿನಾಯಿತಿ. 2018ರ ಆಗಸ್ಟಿನಲ್ಲಿ ಸಂಪಾಜೆಯ ಗುಡ್ಡ ಜರಿದು ರಸ್ತೆಯೇ ಮುಚ್ಚಿಹೋದಾಗ ಅಂತಹ ಸಬೂಬನ್ನು ಒಪ್ಪಬಹುದಿತ್ತು. ಏಪ್ರಿಲ್ ಬಿಸಿಲಿನಲ್ಲಿ ಘಾಟಿ ಕುಸಿಯುವುದಿಲ್ಲ.

ಹೀಗಾಗಿ ಜಾತ್ರೆಯ ಚೂಡಿದಾರಕ್ಕೆ ಎರಡು ಪ್ರತ್ಯೇಕ ಹಕ್ಕುಗಳಿದ್ದವು: ಅಳತೆಪಟ್ಟಿಗಿಂತ ಮೂರು ಅಂಗುಲ ಕಡಿಮೆ ಇದ್ದದ್ದು ಒಂದು, ಏಳು ದಿನ ತಡವಾದದ್ದು ಇನ್ನೊಂದು. ‘ಈ ಉತ್ಪನ್ನಕ್ಕೆ ವಾಪಸಾತಿ ಇಲ್ಲ’ ಎಂಬ ಒಂದು ಸಾಲಿನಿಂದ ಈ ಹಕ್ಕುಗಳು ಅಳಿಸಿಹೋಗುವುದಿಲ್ಲ. ಕಂಪನಿಯ ನೀತಿ ನಿಯಮಕ್ಕೆ ಅಧೀನವೇ ಹೊರತು ನಿಯಮ ಕಂಪನಿಯ ನೀತಿಗೆ ಅಧೀನವಲ್ಲ.

ಆದರೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಉಡುಪು ಅಳತೆಪಟ್ಟಿಯಲ್ಲಿ ಹೇಳಿದಷ್ಟೇ ಇದ್ದು, ನಮ್ಮ ಮೈಗೆ ಮಾತ್ರ ಹೊಂದದಿದ್ದರೆ ನಮ್ಮ ಕಾನೂನಿನಲ್ಲಿ ಹಿಂದಿರುಗಿಸುವ ಹಕ್ಕಿಲ್ಲ. ಆಗ ಸಿಗುವುದು ಮಾರಾಟಗಾರನ ಔದಾರ್ಯ ಮಾತ್ರ. ಯುರೋಪಿನ ಒಕ್ಕೂಟದಲ್ಲಿ ದೂರದಿಂದ ಕೊಂಡ ಸರಕನ್ನು ಕಾರಣ ಹೇಳದೆ 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕು 2014ರಿಂದ ಅನ್ವಯವಾಗುತ್ತಿದೆ. ಮರಳಿ ಕಳುಹಿಸುವ ಖರ್ಚನ್ನು ಸಾಮಾನ್ಯವಾಗಿ ಗ್ರಾಹಕನೇ ಭರಿಸಬೇಕಾಗುತ್ತದೆ, ಮೈಯಳತೆಗೆ ಹೊಲಿಸಿದ ಬಟ್ಟೆಗೆ ವಿನಾಯಿತಿಯಿದೆ. ಚೀನಾ ಕೂಡ ಅದೇ ವರ್ಷ ಆನ್‌ಲೈನ್ ಖರೀದಿಗೆ ಏಳು ದಿನಗಳ ಅವಕಾಶ ನೀಡಿತು. ಇದರ ಹಿಂದಿನ ತರ್ಕ ಸರಳ. ಅಂಗಡಿಯಲ್ಲಿ ಬಟ್ಟೆಯನ್ನು ಮುಟ್ಟಿ, ಕೊಡವಿ, ಹೆಗಲಿಗೆ ಹಿಡಿದು, ಕೋಣೆಗೆ ಹೋಗಿ ತೊಟ್ಟು ನೋಡಿ ಕೊಳ್ಳುತ್ತೇವೆ. ಪರದೆಯ ಮೇಲೆ ಇದಾವುದೂ ಸಾಧ್ಯವಿಲ್ಲ. ಅಲ್ಲಿ ಖರೀದಿ ಮೊದಲು, ಪರೀಕ್ಷೆ ಆಮೇಲೆ. ಪರೀಕ್ಷೆಗೆ ಅವಕಾಶವಿಲ್ಲದ ಖರೀದಿಗೆ ಗ್ರಾಹಕನ ಪೂರ್ಣ ಸಮ್ಮತಿ ಇತ್ತೆಂದು ಭಾವಿಸುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು.

ಅದರಲ್ಲೂ ಅಳತೆಯ ಭಾಷೆಯೇ ಗೊಂದಲಮಯ. ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಲ್’. ಕೆಲವರು ಕೊಡುವ ಪಟ್ಟಿ ಮೈಯ ಅಳತೆಯದು, ಕೆಲವರದು ಬಟ್ಟೆಯ ಅಳತೆಯದು. ಇವೆರಡರ ನಡುವೆ ಟೈಲರುಗಳು ‘ಲೂಸು’ ಎಂದು ಬಿಡುವ ಅಂಗುಲಗಳ ವ್ಯತ್ಯಾಸವಿರುತ್ತದೆ. ಭಾರತೀಯರ ಮೈಕಟ್ಟಿಗೆ ತಕ್ಕ ಅಳತೆಗಳನ್ನು ಗೊತ್ತುಪಡಿಸಲು ಕೇಂದ್ರ ಜವಳಿ ಸಚಿವಾಲಯದ ಬೆಂಬಲದೊಂದಿಗೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ‘ಇಂಡಿಯಾಸೈಜ್’ ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ಆರು ನಗರಗಳಲ್ಲಿ 25 ಸಾವಿರ ಜನರ ಮೈಯನ್ನು ಯಂತ್ರದಿಂದ ಅಳೆಯುವುದು ಅದರ ಯೋಜನೆ. ಅಳತೆಯ ಅರಾಜಕತೆ ಇದೆ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತಲ್ಲವೆ? ಬಿಡಿಯಾಗಿ ಮಾರುವ ಸಿದ್ಧ ಉಡುಪುಗಳ ಮೇಲೆ ಎಸ್, ಎಂ, ಎಲ್ ಜೊತೆಗೆ ಸೆಂಟಿಮೀಟರ್ ಅಥವಾ ಮೀಟರಿನ ವಿವರವೂ ಇರಬೇಕೆಂದು 2022ರಲ್ಲಿ ತಿದ್ದಿದ ಕಾನೂನು ಮಾಪನ ನಿಯಮ ಹೇಳುತ್ತದೆ. ಪರದೆಯ ಮೇಲಿನ ಪ್ರತಿಯೊಂದು ಉಡುಪಿಗೂ ಬಟ್ಟೆಯದೇ ನಿಖರ ಅಳತೆಯನ್ನು ಕಡ್ಡಾಯ ಮಾಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಈಚೆಗೆ ಇನ್ನೊಂದು ಪದ್ಧತಿ ಬಂದಿದೆ. ಒಂದೇ ಬಟ್ಟೆಗೆ ಎರಡು ಬೆಲೆ: ಯಾವ ಕಾರಣಕ್ಕಾದರೂ ಹಿಂದಿರುಗಿಸುವ ಅವಕಾಶ ಬೇಕಿದ್ದರೆ ತುಸು ಹೆಚ್ಚು, ಬೇಡವಾದರೆ ಕಡಿಮೆ. ಇದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆಯ್ಕೆಯನ್ನು ಗ್ರಾಹಕನೇ ಮಾಡುತ್ತಾನೆ, ಖರ್ಚು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಆದರೆ ಮರಳಿ ಒಯ್ಯುವ ಸೌಲಭ್ಯವೇ ಇಲ್ಲದ ಪಿನ್‌ಕೋಡಿನವರಿಗೂ ಆ ಹೆಚ್ಚಿನ ಬೆಲೆಯ ಆಯ್ಕೆಯನ್ನು ತೋರಿಸಿದರೆ ಅದು ಇಲ್ಲದ ಸೇವೆಯ ಮಾರಾಟವಾಗುತ್ತದೆ.

ನಮ್ಮ ಮೂರು ತಾಲ್ಲೂಕುಗಳ ಭೂಗೋಳವನ್ನು ಬಲ್ಲವರಿಗೆ ಈ ಪಿನ್‌ಕೋಡಿನ ಕಷ್ಟ ವಿವರಿಸಬೇಕಿಲ್ಲ. ಇಲ್ಲಿ ಬಯಲುಸೀಮೆಯಂತೆ ಒತ್ತಾಗಿ ಮನೆಗಳಿರುವ ಊರುಗಳಿಲ್ಲ. ಒಂದು ತೋಟಕ್ಕೊಂದು ಮನೆ, ನಡುವೆ ಗುಡ್ಡ, ತೋಡು, ಕಾಲುಸಂಕ. ಮೊಬೈಲ್ ಸಂಕೇತ ಸಿಗಲು ಗುಡ್ಡದ ನೆತ್ತಿಗೆ ಹೋಗಬೇಕಾದ ಮನೆಗಳಿಗೆ ‘ಓಟಿಪಿ ಹೇಳಿ’ ಎಂಬ ಕರೆ ಬರುತ್ತದೆ! ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಬಿಡಿಸಿ 2018ರಲ್ಲಿ ಕಡಬ ತಾಲ್ಲೂಕನ್ನು ಮಾಡಿದರೂ ನಾನು ಕಂಡ ಹಲವು ವಿಳಾಸಪಟ್ಟಿಗಳಲ್ಲಿ ಆ ಹೆಸರು ಇನ್ನೂ ಹತ್ತಿಲ್ಲ. ಇಂತಹ ನೆಲದಲ್ಲಿ ಸಾಗಣೆ ದುಬಾರಿ ಎಂಬುದು ನಿಜ. ಹುಡುಗರು ಪಡುವ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಅವರ ಮೇಲೆ ನನಗೆ ದೂರಿಲ್ಲ. ಆದರೆ ಮಾರುವಾಗ ಲೆಕ್ಕಕ್ಕೆ ಬಾರದ ಗುಡ್ಡಗಳು ಮರಳಿ ಒಯ್ಯುವಾಗ ಮಾತ್ರ ಲೆಕ್ಕಕ್ಕೆ ಬರಬಾರದು. ಎಲ್ಲಿಗೆ ತಲುಪಿಸುತ್ತೀರೋ ಅಲ್ಲಿಂದ ಒಯ್ಯಬೇಕು, ಇಲ್ಲವೇ ಅಂಚೆಯ ಖರ್ಚನ್ನು ಮೊದಲೇ ಭರಿಸಿದ ಚೀಟಿ ಕೊಡಬೇಕು. ನಮ್ಮ ಹಳ್ಳಿಗಳಲ್ಲಿ ಅಂಚೆ ಕಚೇರಿಗಳಿವೆ, ಅಂಚೆಯವರಿಗೆ ಮನೆಗಳೂ ಗೊತ್ತು.

ಮಾರಾಟಗಾರರ ಪಕ್ಷವೂ ಒಂದಿದೆ. ಮದುವೆಗೆ ಸೀರೆ ಉಟ್ಟು, ಮರುದಿನ ಚೀಟಿ ಸಿಕ್ಕಿಸಿ ಹಿಂದಿರುಗಿಸುವ ಜಾಣರು ನಮ್ಮಲ್ಲೂ ಇದ್ದಾರೆ. ಅದರ ಏಟು ಬೀಳುವುದು ತಿರುಪ್ಪೂರಿನಲ್ಲೋ ಸೂರತ್‌ನಲ್ಲೋ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡ ಬಡ ವ್ಯಾಪಾರಿಯ ಮೇಲೆ. ಬೆವರಿನ ವಾಸನೆ, ಹರಿದ ಚೀಟಿ, ಟೈಲರಿನಿಂದ ಬದಲಾಯಿಸಿದ ಹೊಲಿಗೆ ಇದ್ದರೆ ನಿರಾಕರಿಸುವ ಹಕ್ಕು ಅವನಿಗೆ ಇರಲೇಬೇಕು. ನಮ್ಮ ಪೇಟೆಯ ಜವಳಿ ಅಂಗಡಿಗಳೂ ಪೂರ್ತಿ ನಿರ್ದೋಷಿಗಳಲ್ಲ. ‘ಒಮ್ಮೆ ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂದು ರಸೀದಿಯಲ್ಲಿ ಮುದ್ರಿಸುವುದು ಸಲ್ಲದೆಂದು ಕೇಂದ್ರ ಸರ್ಕಾರ 1999ರಲ್ಲೇ ತಿಳಿಸಿದ್ದರೂ ಆ ಸಾಲು ಇಂದಿಗೂ ಹಲವು ರಸೀದಿಗಳ ಅಡಿಯಲ್ಲಿ ಕುಳಿತಿದೆ.

ದೂರು ಕೊಡುವ ದಾರಿ ಜನ ತಿಳಿದಿರುವಷ್ಟು ಕಠಿಣವಲ್ಲ. ಬಟ್ಟೆಯ ಮೇಲೆ ಟೇಪು ಇಟ್ಟು ಫೋಟೊ ತೆಗೆಯಿರಿ. ಅಳತೆಪಟ್ಟಿಯ ಮತ್ತು ಹೇಳಿದ ದಿನಾಂಕದ ಚಿತ್ರವನ್ನು ಉಳಿಸಿಕೊಳ್ಳಿ. ಟೈಲರ್ ಕತ್ತರಿ ಹಾಕುವ ಮುನ್ನವೇ ಇದೆಲ್ಲ ಆಗಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರಿನ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆಯ ದೊಡ್ಡ ಉಪಕಾರ. ಕಂಪನಿ ಗುರುಗ್ರಾಮದಲ್ಲಿದ್ದರೂ ಉತ್ತರ ಕೊಡಬೇಕಾದ್ದು ಮಂಗಳೂರಿನಲ್ಲಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೆಂದೇನೂ ಇಲ್ಲ. ಅಂತರಜಾಲದಲ್ಲೇ ದೂರು ಸಲ್ಲಿಸಲು 2020ರಲ್ಲಿ ಬಂದ ‘ಇ-ದಾಖಿಲ್’ ವ್ಯವಸ್ಥೆ 2025ರಿಂದ ‘ಇ-ಜಾಗೃತಿ’ಯಾಗಿದೆ.

ಆದರೂ ಸುಬ್ರಹ್ಮಣ್ಯದ ಕಡೆಯ ಕೃಷಿಕನಿಗೆ ಮಂಗಳೂರು ನೂರು ಕಿಲೋಮೀಟರಿನ ದಾರಿ, ಒಂದು ದಿನದ ಕೆಲಸ. ಅಗತ್ಯವೆನಿಸಿದರೆ ಒಂದೇ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಆಯೋಗಗಳನ್ನು ಸ್ಥಾಪಿಸಲು ಕಾಯ್ದೆ ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಅಷ್ಟು ಬೇಡ, ಎರಡು ತಿಂಗಳಿಗೊಮ್ಮೆ ಪುತ್ತೂರಿನಲ್ಲಿ ಆಯೋಗದ ಒಂದು ಬೈಠಕ್ ನಡೆಯಲಿ. ಫ್ಲಿಪ್‌ಕಾರ್ಟ್, ಮಿಂತ್ರಾ, ಮೀಶೊ ಮೂರೂ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಸಂಸ್ಥೆಗಳು. (ನಾನು ಮೇಲೆ ಹೇಳಿದ ಪ್ರಸಂಗ ಇವರದೆಂದು ಯಾರೂ ಊಹಿಸಬೇಕಿಲ್ಲ.) ಮಲೆನಾಡು, ಕರಾವಳಿಯ ಪಿನ್‌ಕೋಡುಗಳ ಬಗ್ಗೆ ಅವರನ್ನು ಮಾತುಕತೆಗೆ ಕರೆಯಲು ವಿಧಾನಸೌಧಕ್ಕೆ ಯಾವ ಘಾಟಿಯೂ ಅಡ್ಡವಿಲ್ಲ.

ಗ್ರಾಹಕ ಚಳವಳಿ ನಮಗೆ ಹೊಸತೂ ಅಲ್ಲ. 1980ರ ದಶಕದಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಬಸ್ರೂರಿನಂತಹ ಸಣ್ಣ ಊರಿನ ಬಳಕೆದಾರರ ವೇದಿಕೆ ಸಾಮಾನ್ಯ ಜನರ ದೂರುಗಳನ್ನು ಹಿಡಿದು ಹೋರಾಡಿ ನಾಡಿಗೆ ಪರಿಚಿತವಾಯಿತು. ಆಗ ಅಂತರಜಾಲವಿರಲಿಲ್ಲ, ಇನ್‌ಲ್ಯಾಂಡ್ ಪತ್ರಗಳಿದ್ದವು. ಇಂದು ಪುತ್ತೂರಿನಲ್ಲೂ ಸುಳ್ಯದಲ್ಲೂ ಕಾನೂನು ಕಾಲೇಜುಗಳಿವೆ. ವಾರಕ್ಕೆ ಒಂದು ಮಧ್ಯಾಹ್ನ ಅಲ್ಲಿನ ವಿದ್ಯಾರ್ಥಿಗಳು ಜನರ ಮೊಬೈಲಿನಿಂದ ಇಂತಹ ದೂರುಗಳನ್ನು ದಾಖಲಿಸಿಕೊಟ್ಟರೆ ಅವರಿಗೂ ಪಾಠವಾದೀತು.

ತಂಗಿಯ ಮಗಳು ಟೇಪಿನ ಫೋಟೊ ಇಟ್ಟು 1915ಕ್ಕೆ ದೂರು ಕೊಟ್ಟಳು. ಇಪ್ಪತ್ತಮೂರನೆಯ ದಿನ 649 ರೂಪಾಯಿ ಖಾತೆಗೆ ಬಂತು. ಜೊತೆಗೆ ಬಂದ ಸಂದೇಶದಲ್ಲಿ, ನಮ್ಮ ಪ್ರತಿನಿಧಿ ಶೀಘ್ರದಲ್ಲೇ ಬಂದು ಉಡುಪನ್ನು ಒಯ್ಯುತ್ತಾರೆ ಎಂದಿತ್ತು. ಚೂಡಿದಾರ ಇನ್ನೂ ಗೂಡಂಗಡಿಯ ಮಾಡಿನಲ್ಲಿ ತೂಗುತ್ತಿದೆ, ಪ್ರತಿನಿಧಿ ಬಂದಿಲ್ಲ.