ಕರಾವಳಿಯ ಪ್ರವಾಸ ಯೋಜನೆ ಕರಾವಳಿಯಲ್ಲೇ ಸಿದ್ಧವಾಗಲಿ

ಉತ್ತರದ ಕಾರವಾರದಿಂದ ದಕ್ಷಿಣದ ತಲಪಾಡಿಯವರೆಗೆ ಕರ್ನಾಟಕದ ಕಡಲತೀರ 300 ಕಿ.ಮೀ.ಗೂ ಮಿಕ್ಕಿ ಹಬ್ಬಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳ ಈ ಪ್ರದೇಶ ವ್ಯಾಪಾರ ಬುದ್ಧಿಗೆ ಹೆಸರಾದದ್ದು. ರಾಷ್ಟ್ರೀಕೃತಗೊಂಡ ನಾಲ್ಕು ಬ್ಯಾಂಕುಗಳು ಹುಟ್ಟಿದ್ದು ಮಂಗಳೂರು, ಉಡುಪಿಗಳಲ್ಲಿ. ಮಂಗಳೂರು ಹೆಂಚು, ಗೋಡಂಬಿ, ಮೀನು, ಉಡುಪಿ ಹೋಟೆಲು ಇವೆಲ್ಲ ಇಲ್ಲಿಂದ ಹೊರಟು ದೇಶಾದ್ಯಂತ ಮಾರುಕಟ್ಟೆ ಕಂಡುಕೊಂಡವು. ಆದರೆ ಹೊರಗಿನವರನ್ನು ಇಲ್ಲಿಗೆ ಕರೆತಂದು ನಾಲ್ಕು ದಿನ ಉಳಿಸಿಕೊಳ್ಳುವ ವ್ಯವಹಾರದಲ್ಲಿ ಮಾತ್ರ ಈ ಪ್ರದೇಶ ನೆರೆಯ ಗೋವಾ, ಕೇರಳಗಳಿಗಿಂತ ಬಹಳ ಹಿಂದೆ ಉಳಿದಿದೆ.

ಇದಕ್ಕೆ ನೋಡತಕ್ಕ ಸ್ಥಳಗಳ ಕೊರತೆ ಕಾರಣವಲ್ಲ. ಅಹಮದಾಬಾದಿನ ಕುಟುಂಬವೊಂದು ಪ್ರವಾಸ ಸಂಸ್ಥೆಯ ಕಚೇರಿಗೆ ಹೋಗಿ ‘ಕೇರಳ’ ಎಂದರೆ ಸಾಕು, ಕೊಚ್ಚಿ, ಮುನ್ನಾರ್, ತೇಕ್ಕಡಿ, ಆಲಪ್ಪುಳ ಎಂದು ರಾತ್ರಿಗಳ ಲೆಕ್ಕದಲ್ಲಿ ಸಿದ್ಧಪಡಿಸಿದ ಯೋಜನೆ ಕೈಗೆ ಬರುತ್ತದೆ. ಅದೇ ಕುಟುಂಬ ‘ಕರ್ನಾಟಕ ಕರಾವಳಿ’ ಎಂದು ಕೇಳಿದರೆ ಕೊಡಲು ಅಂತಹ ಒಂದು ಸರ್ವಮಾನ್ಯ ಯೋಜನೆಯಿಲ್ಲ. ಇಲ್ಲಿ ದೇವಸ್ಥಾನಗಳ ಪಟ್ಟಿಯಿದೆ, ಕಡಲತೀರಗಳ ಪಟ್ಟಿಯಿದೆ, ಜಿಲ್ಲೆಗೊಂದರಂತೆ ಕೈಪಿಡಿಗಳೂ ಇವೆ. ಅವುಗಳನ್ನು ದಿನ, ರಾತ್ರಿ, ಊಟ, ವಾಹನಗಳ ಲೆಕ್ಕಕ್ಕೆ ತಂದು ಜೋಡಿಸುವ ಕೆಲಸ ಮಾತ್ರ ಇನ್ನೂ ಆಗಬೇಕಾಗಿದೆ.

ಒಂದು ರಾತ್ರಿಯ ಪ್ರವಾಸಿ

ಇಂದು ಕರಾವಳಿಗೆ ಬರುವ ಪ್ರವಾಸಿಗರಲ್ಲಿ ಎರಡು ಬಗೆ ಎದ್ದು ಕಾಣುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಕಡೆಯಿಂದ ಹೊರಟು ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರಗಳನ್ನು ಎರಡೇ ದಿನಗಳಲ್ಲಿ ಮುಗಿಸಿ ಭಾನುವಾರ ರಾತ್ರಿ ಮರಳುವವರು ಒಂದು ಬಗೆ. ಗೋವಾದಿಂದ ಇಳಿದು ಗೋಕರ್ಣದಲ್ಲಿ ತಂಗಿ, ಕರಾವಳಿಯ ಉಳಿದ ಭಾಗವನ್ನು ನೋಡದೆ ಹಿಂದಿರುಗುವವರು ಇನ್ನೊಂದು ಬಗೆ. ನವಮಂಗಳೂರು ಬಂದರಿಗೆ ಬರುವ ವಿಹಾರ ಹಡಗುಗಳ ಪ್ರಯಾಣಿಕರಂತೂ ಬೆಳಿಗ್ಗೆ ಇಳಿದು ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ.

ಮೊದಲ ಬಗೆಯವರ ಪ್ರವಾಸದಲ್ಲಿ ಸ್ಥಳೀಯ ವ್ಯಾಪಾರಕ್ಕೆ ದಕ್ಕುವುದೇನು? ಒಂದು ರಾತ್ರಿಯ ಕೊಠಡಿ ಬಾಡಿಗೆ, ಮೂರ್ನಾಲ್ಕು ಊಟ ತಿಂಡಿ, ವಾಹನಕ್ಕೆ ಇಂಧನ, ಹೆಚ್ಚೆಂದರೆ ಒಂದು ಪೊಟ್ಟಣ ಗೋಡಂಬಿ. ಆ ಒಂದು ರಾತ್ರಿಯೂ ಶನಿವಾರವೇ. ಹೀಗಾಗಿ ವಾರಾಂತ್ಯದಲ್ಲಿ ಕೊಠಡಿ ಸಿಗದೆ ಪ್ರವಾಸಿಗರು ಪರದಾಡಿದರೆ, ವಾರದ ನಡುವೆ ಅದೇ ಕೊಠಡಿಗಳು ಖಾಲಿ ಬಿದ್ದಿರುತ್ತವೆ. ಹೋಟೆಲಿನ ಮಾಲೀಕರು ಎರಡು ದಿನಗಳ ದಟ್ಟಣೆಗೆ ಬೇಕಾದಷ್ಟು ಕೆಲಸಗಾರರನ್ನು ಏಳು ದಿನ ಸಾಕಲಾರರು. ಖಾಯಂ ಕೆಲಸ ಸಿಗದ ಯುವಕ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳ ದಾರಿ ಹಿಡಿಯುತ್ತಾನೆ. ಹೀಗೆ ಪ್ರವಾಸ ಯೋಜನೆಯ ಕೊರತೆ ಕೊನೆಗೆ ಉದ್ಯೋಗದ ಕೊರತೆಯಾಗಿ ಪರಿಣಮಿಸುತ್ತದೆ.

ಒಂದು ಕರಾವಳಿ, ಹಲವು ನಾಡು

ಕರಾವಳಿಯನ್ನು ಒಂದೇ ಸ್ಥಳವೆಂದು ಭಾವಿಸಿ ಯೋಜನೆ ಹಾಕುವುದು ಮೊದಲ ತಪ್ಪು. ಮಂಗಳೂರಿನ ಸುತ್ತಲಿನ ತುಳುನಾಡು, ಬಾರಕೂರು-ಕುಂದಾಪುರದ ಸೀಮೆ, ಹೊನ್ನಾವರದಿಂದ ಕಾರವಾರದವರೆಗಿನ ನದೀಮುಖಗಳ ನಾಡು, ಈ ಮೂರರ ಭಾಷೆ, ಊಟ, ಕಟ್ಟಡ, ಆಚರಣೆಗಳೆಲ್ಲ ಬೇರೆ ಬೇರೆ.

ದಕ್ಷಿಣದ ಭಾಗದಲ್ಲಿ ಭೂತಕೋಲ, ಕಂಬಳ, ಕೋರಿರೊಟ್ಟಿಗಳಿವೆ. 1430ರಲ್ಲಿ ನಿರ್ಮಾಣವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿದೆ. 1432ರಲ್ಲಿ ಪ್ರತಿಷ್ಠಾಪನೆಗೊಂಡ ಕಾರ್ಕಳದ ಗೊಮ್ಮಟ, 1604ರ ವೇಣೂರಿನ ಗೊಮ್ಮಟ ಮೂರ್ತಿಗಳಿವೆ. ನಡುವಣ ಭಾಗದಲ್ಲಿ ಉಡುಪಿಯ ಅಷ್ಟಮಠಗಳು, ಮಲ್ಪೆಯಾಚೆ ಸ್ತಂಭಾಕಾರದ ಶಿಲೆಗಳ ಸೇಂಟ್ ಮೇರೀಸ್ ದ್ವೀಪ, ಶಿವರಾಮ ಕಾರಂತರ ಹುಟ್ಟೂರಾದ ಕೋಟ, ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿಯೂ ಹರಿಯುವ ಮರವಂತೆ. ಉತ್ತರ ಭಾಗದಲ್ಲಿ ನವಾಯತರ ಭಟ್ಕಳ, ಶರಾವತಿಯ ಕಾಂಡ್ಲಾ ಕಾಡು, ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರಿಂದ ಕರೆಸಿಕೊಂಡ ಚೆನ್ನಭೈರಾದೇವಿಯ ಹೆಸರಿನೊಡನೆ ತಳಕು ಹಾಕಿಕೊಂಡಿರುವ ಮಿರ್ಜಾನ ಕೋಟೆ, ಅಘನಾಶಿನಿಯ ಮುಖದಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ, ರವೀಂದ್ರನಾಥ ಠಾಕೂರರು ಯೌವನದಲ್ಲಿ ತಂಗಿದ್ದ ಕಾರವಾರ.

ಇಷ್ಟೆಲ್ಲವನ್ನೂ ಒಂದೇ ಪ್ರವಾಸದಲ್ಲಿ ತೋರಿಸುವೆನೆಂದು ಹೊರಡುವವನು ಯಾವುದನ್ನೂ ತೋರಿಸಲಾರ. ಆದುದರಿಂದ ಕರಾವಳಿಯನ್ನು ಮೂರು ತಂಗುದಾಣಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಎರಡು ರಾತ್ರಿ ಉಳಿಯುವ ಆರು ರಾತ್ರಿಗಳ ಪ್ರವಾಸವನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಯೋಗ್ಯ. ಸಮಯ ಕಡಿಮೆಯಿದ್ದವರು ಒಂದು ಅಥವಾ ಎರಡು ಭಾಗಗಳನ್ನು ಆಯ್ದುಕೊಂಡು ಉಳಿದದ್ದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಲಿ. ಎಲ್ಲವನ್ನೂ ಓಡುತ್ತ ನೋಡಿ ದಣಿದವನಿಗಿಂತ ಒಂದು ಭಾಗವನ್ನು ನೆಮ್ಮದಿಯಿಂದ ನೋಡಿದವನು ಮತ್ತೆ ಬರುವ ಸಂಭವ ಹೆಚ್ಚು.

ದೂರದ ಲೆಕ್ಕ, ಹೊತ್ತಿನ ಲೆಕ್ಕ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ನಕ್ಷೆಯನ್ನು ನೋಡಿದವರಿಗೆ ಇದು ಅರ್ಧ ದಿನದ ಹಾದಿ. ಆದರೆ ಪ್ರವಾಸಿಯ ದಿನವನ್ನು ಇಲ್ಲಿ ನಿರ್ಧರಿಸುವುದು ಕಿಲೋಮೀಟರುಗಳಲ್ಲ. ಅನೇಕ ದೇವಸ್ಥಾನಗಳು ಮಧ್ಯಾಹ್ನದ ಪೂಜೆಯ ಬಳಿಕ ಬಾಗಿಲು ಹಾಕುತ್ತವೆ. ದ್ವೀಪಕ್ಕೆ ಹೋಗುವ ದೋಣಿ ಕಡಲಿನ ಸ್ಥಿತಿಯನ್ನು ಅವಲಂಬಿಸಿದೆ. ಮೀನುಗಾರಿಕಾ ಬಂದರಿನ ಹರಾಜು ಬೆಳಗಿನದು. ಯಕ್ಷಗಾನ, ಕೋಲಗಳು ರಾತ್ರಿಯವು. ರಾತ್ರಿ ಒಂದು ಗಂಟೆಯವರೆಗೆ ಆಟ ನೋಡಿದವರಿಗೆ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಲು ಹೇಳುವ ಯೋಜನೆ ಕಾಗದದ ಮೇಲೆ ಮಾತ್ರ ನಡೆಯುತ್ತದೆ.

ಬಂದ ದಾರಿಯಲ್ಲೇ ಹಿಂದಿರುಗುವ ಪದ್ಧತಿಯನ್ನೂ ಕೈಬಿಡಬೇಕಾಗಿದೆ. ಶಿರಾಡಿ ಇಲ್ಲವೆ ಚಾರ್ಮಾಡಿ ಘಾಟಿಯಲ್ಲಿ ಇಳಿದವರು ದೇವಿಮನೆ ಅಥವಾ ಅರಬೈಲು ಘಾಟಿಯಲ್ಲಿ ಶಿರಸಿ, ಯಲ್ಲಾಪುರಗಳ ಕಡೆ ಏರಬಹುದು. ವಿಮಾನದಲ್ಲಿ ಬರುವವರು ಬಜ್ಪೆಯಲ್ಲಿ ಇಳಿದು ಗೋವಾದಿಂದ ಹೊರಡಬಹುದು. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದೆ. ಆದರೆ ಹಲವು ನಿಲ್ದಾಣಗಳು ಊರಿನಿಂದ ದೂರ. ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದವರು ಗೋಕರ್ಣ ತಲುಪಲು ಸುಮಾರು 10 ಕಿ.ಮೀ. ಸಾಗಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿಯುವ ಕುಟುಂಬಕ್ಕೆ ನಿಗದಿತ ದರದ ವಾಹನ ಸಿಗುವುದೆಂಬ ಭರವಸೆಯಿಲ್ಲದಿದ್ದರೆ ರೈಲಿನ ಅನುಕೂಲ ಅಲ್ಲಿಗೇ ಮುಗಿಯುತ್ತದೆ.

ಮಳೆಗಾಲವನ್ನು ಮರೆಮಾಚಬಾರದು

ಪ್ರವಾಸ ಯೋಜನೆಗೆ ಕರಾವಳಿಯ ಪಂಚಾಂಗವೇ ಆಧಾರವಾಗಬೇಕು. ನವೆಂಬರಿನಿಂದ ಮೇ ತಿಂಗಳವರೆಗೆ ಯಕ್ಷಗಾನ ಮೇಳಗಳ ತಿರುಗಾಟ, ಚಳಿಗಾಲದುದ್ದಕ್ಕೂ ಕಂಬಳ, ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಉಡುಪಿಯ ಪರ್ಯಾಯ, ಬೇಸಗೆಯಲ್ಲಿ ಅಂಕೋಲೆಯ ಕರಿ ಈಶಾಡ ಮಾವು, ಕೃಷ್ಣಾಷ್ಟಮಿಗೆ ವಿಟ್ಲಪಿಂಡಿ ಮತ್ತು ಹುಲಿವೇಷ, ನವರಾತ್ರಿಗೆ ಮಂಗಳೂರು ದಸರಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಬರುವವರಿಗೆ ಕಡಲಿನ ಮೀನಿನ ವೈವಿಧ್ಯವನ್ನು ವಾಗ್ದಾನ ಮಾಡುವುದು ಸರಿಯಲ್ಲ. ಆದರೆ ಅದೇ ಆಟಿ ತಿಂಗಳಿನ ಪತ್ರೊಡೆ, ಕಣಿಲೆ, ಮಳೆಯಲ್ಲಿ ತುಂಬಿದ ಹೊಳೆ ತೋಡು, ಗದ್ದೆಯ ನಾಟಿ ಇವನ್ನು ಬಯಸಿ ಬರುವವರೂ ಇದ್ದಾರೆ.

ಮಳೆಗಾಲದ ಅಪಾಯವನ್ನು ಮುಚ್ಚಿಟ್ಟು ವ್ಯಾಪಾರ ಮಾಡುವುದು ಮಾತ್ರ ಸಲ್ಲದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಹೆದ್ದಾರಿ ಹಲವು ದಿನ ಮುಚ್ಚಿತು. ಮುಂದಿನ ತಿಂಗಳ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಒಳನಾಡಿನಿಂದ ಬರುವ ಮಕ್ಕಳಿಗೆ ಕಡಲಿನ ಸೆಳೆತದ ಅರಿವಿರುವುದಿಲ್ಲ. ಎಲ್ಲಿ ಜೀವರಕ್ಷಕರಿದ್ದಾರೆ, ಎಲ್ಲಿ ನೀರಿಗಿಳಿಯಬಾರದು, ಯಾವ ಘಾಟಿ ಯಾವಾಗ ಮುಚ್ಚುತ್ತದೆ ಎಂಬ ಮಾಹಿತಿ ಪ್ರವಾಸ ಯೋಜನೆಯ ಮೊದಲ ಪುಟದಲ್ಲೇ ಇರತಕ್ಕದ್ದು. ಇದು ಔದಾರ್ಯದ ಮಾತಲ್ಲ, ವ್ಯವಹಾರದ ಮಾತೂ ಹೌದು. ಒಂದು ದುರಂತದ ಸುದ್ದಿ ಅಳಿಸಿಹಾಕಿದ ನಂಬಿಕೆಯನ್ನು ಹತ್ತು ಜಾಹೀರಾತುಗಳು ಮರಳಿ ತರಲಾರವು.

ವಾಣಿಜ್ಯ ಸಂಸ್ಥೆಗಳ ಹೊಣೆ

ಹೆದ್ದಾರಿ, ಸೇತುವೆ, ಘಾಟಿ ರಸ್ತೆಗಳು ಸರ್ಕಾರದ ಹೊಣೆ. ಅವುಗಳಿಗಾಗಿ ಒತ್ತಾಯಿಸುವ ಕೆಲಸ ಮುಂದುವರಿಯಲೇಬೇಕು. ಆದರೆ ಅವು ಪೂರ್ಣಗೊಳ್ಳುವವರೆಗೆ ಉಳಿದದ್ದೆಲ್ಲ ಕಾಯಬೇಕೆಂಬ ವಾದ ಒಪ್ಪತಕ್ಕದ್ದಲ್ಲ. ಮೂರೂ ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಒಂದೆಡೆ ಕುಳಿತರೆ ಹೆಚ್ಚಿನ ಬಂಡವಾಳವಿಲ್ಲದೆ ಆಗಬಹುದಾದ ಕೆಲಸಗಳು ಹೀಗಿವೆ:

1. ಮೂರು ಜಿಲ್ಲೆಗಳಿಗೂ ಅನ್ವಯಿಸುವ ಒಂದೇ ವಾರ್ಷಿಕ ಪಂಚಾಂಗವನ್ನು ಸಿದ್ಧಪಡಿಸಿ, ಉತ್ಸವ, ಕಂಬಳ, ಯಕ್ಷಗಾನ, ದೋಣಿ ಸಂಚಾರ, ದೇವಸ್ಥಾನಗಳ ವೇಳೆಗಳನ್ನು ಅದರಲ್ಲಿ ಸೇರಿಸಿ ಪ್ರವಾಸ ಸಂಸ್ಥೆಗಳಿಗೆ ಹಂಚುವುದು.

2. ಟ್ಯಾಕ್ಸಿ ಮಾಲೀಕರ ಸಂಘಗಳ ನಡುವೆ ಒಪ್ಪಂದ ಏರ್ಪಡಿಸುವುದು. ಮಂಗಳೂರಿನ ಕಾರು ಕಾರವಾರದಲ್ಲಿ ಪ್ರಯಾಣಿಕರನ್ನು ಇಳಿಸಿ ಖಾಲಿ ಮರಳುವುದರಿಂದ ಗ್ರಾಹಕ ಎರಡೂ ಕಡೆಯ ಬಾಡಿಗೆ ತೆರಬೇಕಾಗಿದೆ. ಮರಳುವ ಬಾಡಿಗೆಯನ್ನು ಪರಸ್ಪರ ಒದಗಿಸಿಕೊಂಡರೆ ಒಂದೇ ದಿಕ್ಕಿನ ಪ್ರವಾಸ ಅಗ್ಗವಾಗುತ್ತದೆ.

3. ವಾರದ ನಡುವಿನ ದಿನಗಳಿಗೆ ಪ್ರತ್ಯೇಕ ದರ ನಿಗದಿಪಡಿಸುವುದು. ದಿನಕ್ಕೆ 7,500 ರೂಪಾಯಿ ಮೀರದ ಕೊಠಡಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಇನ್‌ಪುಟ್ ತೆರಿಗೆಯ ಜಮೆ ಇಲ್ಲದಿರುವುದು ನಿಜವಾದರೂ, ಇಳಿಕೆಯ ಒಂದಂಶವನ್ನಾದರೂ ಎರಡನೆಯ ರಾತ್ರಿ ಉಳಿಯುವ ಗ್ರಾಹಕನಿಗೆ ವರ್ಗಾಯಿಸಲು ಸಾಧ್ಯ.

4. ಉಡುಪಿ ಸೀರೆ, ಮಟ್ಟುಗುಳ್ಳ, ಉಡುಪಿ ಮಲ್ಲಿಗೆಯಂತಹ ಭೌಗೋಳಿಕ ಸೂಚ್ಯಂಕ ಪಡೆದ ವಸ್ತುಗಳ ನೇಕಾರರು, ಬೆಳೆಗಾರರು ಮತ್ತು ಗೋಡಂಬಿ ಕಾರ್ಖಾನೆಗಳನ್ನು ಪ್ರವಾಸದ ಹಾದಿಗೆ ತರುವುದು.

5. ಶಾಲಾ ಪ್ರವಾಸಗಳಿಗೆಂದೇ ಸುರಕ್ಷತೆಯ ಸೂಚನೆಗಳನ್ನೊಳಗೊಂಡ ಮಾದರಿ ಯೋಜನೆಯನ್ನು ಮುದ್ರಿಸಿ ಒಳನಾಡಿನ ಜಿಲ್ಲೆಗಳ ಶಿಕ್ಷಣ ಇಲಾಖೆಯ ಕಚೇರಿಗಳಿಗೆ ತಲುಪಿಸುವುದು.

ಇದಕ್ಕೆ ಆಕ್ಷೇಪಗಳೂ ಇಲ್ಲದಿಲ್ಲ. ಪಕ್ಕದ ಜಿಲ್ಲೆಯ ತಂಗುದಾಣವನ್ನು ತಾವೇ ಪ್ರಚಾರ ಮಾಡಿದರೆ ತಮ್ಮ ಒಂದು ರಾತ್ರಿಯ ಗಳಿಕೆ ಕೈತಪ್ಪುವುದೆಂದು ಕೆಲವು ಹೋಟೆಲು ಮಾಲೀಕರು ಅಂಜುವುದು ಸಹಜ. ಆದರೆ ಎರಡು ದಿನಕ್ಕೆಂದು ಬರುವವನಿಂದ ಇಂದು ಸಿಗುತ್ತಿರುವುದೂ ಒಂದೇ ರಾತ್ರಿ. ಅವನು ಆರು ರಾತ್ರಿಗೆ ಬಂದರೆ ಪ್ರತಿ ಭಾಗಕ್ಕೂ ಎರಡೆರಡು ರಾತ್ರಿ ದಕ್ಕುತ್ತದೆ. ಪ್ರವಾಸಿಗರು ಹೆಚ್ಚಿದರೆ ಕಡಲತೀರ, ನದೀಮುಖಗಳು ಹಾಳಾಗುವುವೆಂಬ ಇನ್ನೊಂದು ಆತಂಕ ಇದಕ್ಕಿಂತ ಗಂಭೀರವಾದದ್ದು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು ಶುಚಿತ್ವ ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿ. ಒಂದೇ ಊರಿಗೆ ಒಂದೇ ದಿನ ನುಗ್ಗುವ ಜನಸಂದಣಿ ತರುವಷ್ಟು ಹಾನಿಯನ್ನು ಹಲವು ಊರುಗಳಲ್ಲಿ ಹಲವು ದಿನ ಹಂಚಿಹೋದ ಪ್ರವಾಸಿಗರು ತರುವುದಿಲ್ಲ. ಆದರೂ ಕಸ, ಕೊಳಚೆನೀರು, ವಾಹನ ನಿಲುಗಡೆಗಳ ಮಿತಿಯನ್ನು ಮೊದಲೇ ಗುರುತಿಸಿ, ಆ ಮಿತಿಯನ್ನು ಮೀರುವ ಪ್ರಚಾರ ಮಾಡದಿರುವ ಸಂಯಮವನ್ನು ಉದ್ಯಮಿಗಳೇ ತೋರಬೇಕು.

1928ರಲ್ಲಿ ಉಡುಪಿಯ ಬ್ಯಾಂಕೊಂದು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಣ್ಣ ಮೊತ್ತವನ್ನು ತಪ್ಪದೆ, ಪ್ರತಿದಿನ, ಬಹುಜನರಿಂದ ಕೂಡಿಸುವುದೇ ಅದರ ಬಲವಾಗಿತ್ತು. ಕರಾವಳಿಯ ಪ್ರವಾಸೋದ್ಯಮಕ್ಕೂ ಬೇಕಾಗಿರುವುದು ಶನಿವಾರದ ದೊಡ್ಡ ಗಳಿಕೆಯಲ್ಲ. ವಾರದ ಏಳೂ ದಿನ, ದೋಣಿಯವನಿಂದ ನೇಕಾರನವರೆಗೆ, ಖಾನಾವಳಿಯಿಂದ ಯಕ್ಷಗಾನ ಮೇಳದವರೆಗೆ ಹಂಚಿಹೋಗುವ ಆದಾಯ. ಮೂರು ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಬರುವ ಮಳೆಗಾಲ ಮುಗಿಯುವುದರೊಳಗೆ ಜಂಟಿ ಸಮಿತಿಯೊಂದನ್ನು ರಚಿಸಿ, ನವೆಂಬರಿನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಮೊದಲ ಪಂಚಾಂಗವನ್ನು ಹೊರತಂದರೆ ಅದು ಒಳ್ಳೆಯ ಆರಂಭವಾದೀತು.